ಶೆಲ್‌ಗೆ ದಾಕ್ಷಿಣ್ಯವಿಲ್ಲ

‘ಲೆಕ್ಕ ಫೈನಲ್’, ‘ಲೆಕ್ಕ ಫೈನಲ್ 2’, ‘ಲೆಕ್ಕ ಇದೇ ಫೈನಲ್’, ‘ಲೆಕ್ಕ ದೇವರಾಣೆ ಫೈನಲ್’. ಇಂಥ ಫೈಲು ನಿಮ್ಮ ಡಿಸ್ಕಿನಲ್ಲಿ ಒಂದೂ ಇಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿ ನೋಡೋಣ! ಹೋಗಲಿ, ನೀವು ಶಿಸ್ತಿನವರು, ಹೆಸರಿಗೆ ತಾರೀಖು ಅಂಟಿಸುತ್ತೀರಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಶಾಲೆಯಲ್ಲಿ ಕಲಿತ ಹಾಗೆ ದಿನ, ತಿಂಗಳು, ವರ್ಷ ಎಂದು ಬರೆದಿರುತ್ತೀರಿ. ಕಂಪ್ಯೂಟರ್ ಪಾಪ, ಎಡದಿಂದ ಒಂದೊಂದೇ ಅಂಕಿ ನೋಡಿ ಸಾಲು ಹಿಡಿಸುತ್ತದೆ: 01-12-2024 ಮುಂದೆ, 02-01-2024 ಹಿಂದೆ. ಜನವರಿಗಿಂತ ಮೊದಲೇ ಡಿಸೆಂಬರ್ ಬಂದು ಕೂತಿತು! ವರ್ಷ ಮೊದಲಿಟ್ಟು 2024-01-02 ಎಂದು ಬರೆಯಿರಿ, ಎಲ್ಲವೂ ತಾವಾಗಿಯೇ ಸರದಿಯಲ್ಲಿ ನಿಲ್ಲುತ್ತವೆ. ಐಎಸ್‌ಒ 8601 ಎಂಬ ಮಾನದಂಡ 1988ರಿಂದ ಇದನ್ನೇ ಹೇಳುತ್ತಿದೆ. ಕೇಳುವವರು ಬೇಕಲ್ಲ!

ಹೀಗೆ ತಾರೀಖಿನ ಹೆಸರು ಕೊಟ್ಟು ಬ್ಯಾಕಪ್ ಇಡುವುದೇನೋ ಸುಲಭ. ಗಂಟು ಕಟ್ಟುವ ಟಾರ್, ತಾರೀಖು ಹೇಳುವ ಡೇಟ್ ಆಜ್ಞೆಗಳನ್ನು ಸೇರಿಸಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ಗೆ ಒಪ್ಪಿಸಿದರೆ ರಾತ್ರಿ ಎರಡು ಗಂಟೆಗೆ ತಾನೇ ಗಂಟು ಕಟ್ಟಿಡುತ್ತದೆ. ಕಷ್ಟವಿರುವುದು ಬಿಸಾಡುವುದರಲ್ಲಿ. ಮದುವೆಮನೆಯ ತಾಂಬೂಲದ ಚೀಲವನ್ನೂ ಮಡಿಸಿಡುವ ಜಾಯಮಾನ ನಮ್ಮದು. ಹಳೇ ಬ್ಯಾಕಪ್ ಅಳಿಸಲು ಕೈ ಬಂದೀತೇ? ‘ಇರಲಿ ಬಿಡ್ರೀ, ಯಾವಾಗಲಾದರೂ ಬೇಕಾದೀತು.’ ಕೊನೆಗೆ ಡಿಸ್ಕ್ ತುಂಬಿ, ಇವತ್ತಿನ ಬ್ಯಾಕಪ್ಪಿಗೇ ಜಾಗವಿಲ್ಲ.

ಅದಕ್ಕೇ ಈ ಕೆಲಸಕ್ಕೆ, ಬರೆದುಕೊಟ್ಟ ಆಜ್ಞೆಯನ್ನು ಹಾಗೇ ನಡೆಸುವ, ದಾಕ್ಷಿಣ್ಯವೇ ಗೊತ್ತಿಲ್ಲದ ಶೆಲ್ ಬೇಕು. ಫೈಂಡ್ ಆಜ್ಞೆಗೆ ‘ಮೈನಸ್ ಎಂಟೈಮ್ ಪ್ಲಸ್ 30’ ಅಂದರೆ ಹಳತನ್ನು ಹುಡುಕುತ್ತದೆ, ‘ಮೈನಸ್ ಡಿಲೀಟ್’ ಅಂದರೆ ಅಳಿಸುತ್ತದೆ. ಲೆಕ್ಕದಲ್ಲಿ ಬಲು ಕಟ್ಟುನಿಟ್ಟು: ಪ್ಲಸ್ 30 ಎಂದರೆ ಪೂರ್ತಿ 31 ದಿನ ತುಂಬಿರಬೇಕು, ಮೂವತ್ತೂವರೆಗೆ ಮುಟ್ಟುವುದಿಲ್ಲ. ಆದರೆ ಡಿಲೀಟನ್ನು ಕೊನೆಗೇ ಬರೆಯಿರಿ. ಮೊದಲು ಬರೆದಿರೋ, ನಿಮ್ಮ ಷರತ್ತು ಕೇಳುವ ಮುಂಚೆಯೇ ಕಂಡದ್ದನ್ನೆಲ್ಲ ಅಳಿಸಿ ಮುಗಿಸಿರುತ್ತದೆ. ಅದರ ಜಾಗದಲ್ಲಿ ಒಮ್ಮೆ ‘ಮೈನಸ್ ಪ್ರಿಂಟ್’ ಹಾಕಿ ಪಟ್ಟಿ ನೋಡಿಕೊಳ್ಳುವುದು ಜಾಣತನ.

ನೋಡಿಕೊಳ್ಳದೆ ಅಳಿಸಿದರೆ ಏನಾದೀತು ಗೊತ್ತೇ? 2015ರಲ್ಲಿ ಲಿನಕ್ಸ್‌ಗಾಗಿ ಇದ್ದ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ಹೆಸರು ಇರಬೇಕಾದ ವೇರಿಯೇಬಲ್ ಖಾಲಿಯಾಗಿ, ಅಳಿಸುವ ಆಜ್ಞೆ ‘ಆರ್‌ಎಂ ಮೈನಸ್ ಆರ್‌ಎಫ್’ ಡಿಸ್ಕಿನ ಬುಡದಿಂದಲೇ ಗುಡಿಸತೊಡಗಿತು. ದೂರು ಕೊಟ್ಟ ಪುಣ್ಯಾತ್ಮನ ಬ್ಯಾಕಪ್ ಡಿಸ್ಕ್ ಕೂಡ ಜೊತೆಗೇ ಜೋಡಿಸಿದ್ದರಿಂದ ಅದೂ ಸ್ವಚ್ಛ! ಆ ಸಾಲಿಗೆ ಬರೆದವರೇ ‘ಭಯವಾಗುತ್ತೆ’ ಎಂಬರ್ಥದ ಟಿಪ್ಪಣಿ ಹಾಕಿದ್ದರು. ಬರೆದವರಿಗೆ ಭಯವಿತ್ತು, ಶೆಲ್‌ಗೆ ಇರಲಿಲ್ಲ.

ಯಾವ ಬ್ಯಾಕಪ್ ಎಷ್ಟು ಕಾಲ ಇಡಬೇಕು ಎಂಬುದಕ್ಕೆ ತಾತ-ಅಪ್ಪ-ಮಗ ಎಂಬ ಪದ್ಧತಿಯೂ ಉಂಟು. ದಿನದ ಪ್ರತಿ ಮಗ, ವಾರದ್ದು ಅಪ್ಪ, ತಿಂಗಳದ್ದು ತಾತ. ಮಕ್ಕಳನ್ನು ಬೇಗ ಸಾಗಹಾಕಿ ತಾತಂದಿರನ್ನು ಬಹುಕಾಲ ಇಟ್ಟುಕೊಳ್ಳುತ್ತಾರೆ. ಹಿರಿಯರಿಗೆ ಇಷ್ಟು ಮರ್ಯಾದೆ ಮನೆಗಳಲ್ಲೂ ಇಲ್ಲ ಬಿಡಿ.

ಇಷ್ಟೆಲ್ಲ ಮಾಡಿದ ಜಾಣರೂ ಜಾರುವ ಜಾಗ ಇನ್ನೊಂದಿದೆ. ಬ್ಯಾಕಪ್ ಇಡುವ ಸ್ಕ್ರಿಪ್ಟ್ ಯಾವತ್ತೋ ಕೆಟ್ಟು ಮಲಗಿರುತ್ತದೆ. ಅಳಿಸುವುದು ಮಾತ್ರ ಒಂದು ರಾತ್ರಿಯೂ ರಜೆ ಹಾಕುವುದಿಲ್ಲ. ಹೊಸದು ಬರದು, ಹಳೆಯದು ಉಳಿಯದು. ತಿಂಗಳು ಕಳೆಯುವಷ್ಟರಲ್ಲಿ ಫೋಲ್ಡರ್ ಬಟಾಬಯಲು. ಆದ್ದರಿಂದ ದಿನ ಎಣಿಸುವ ಬದಲು ತಲೆ ಎಣಿಸಿ: ಕೊನೆಯ ಏಳು ಪ್ರತಿಗಳನ್ನು ಅವೆಷ್ಟೇ ಹಳತಾದರೂ ಮುಟ್ಟಕೂಡದು. ಶೆಲ್‌ಗೆ ದಾಕ್ಷಿಣ್ಯವಿಲ್ಲ ಎಂದು ಮೆಚ್ಚಿ ಕೆಲಸಕ್ಕಿಟ್ಟುಕೊಂಡವರು, ವಿವೇಕವನ್ನಾದರೂ ಒಂದು ಸಾಲು ಬರೆದುಕೊಡಬೇಡವೇ?