ನೀರಿಗೆ ಪ್ರಾಸ

“ಕಾಕಾ, ನೀರು ಅನ್ನೋದಕ್ಕ ಒಂದು ಪ್ರಾಸ ಹೇಳ್ರಿ” ಎಂದು ಪಕ್ಕದ ಮನೆಯ ಹುಡುಗ ಬೇಲಿಯಾಚೆಯಿಂದ ಕೇಳಿದ. ಮೊಹರಂಗೆ ಕುಣಿಯುತ್ತ ಹೇಳುವ ಅಲಾಯಿ ಪದ ಕಟ್ಟುತ್ತಿದ್ದಾನೆ.

“ನೀರಿಗೇನು ಬರ ಬಂತೋ ತಮ್ಮಾ? ಊರು, ತೇರು, ಬೇರು, ಸೇರು, ನೂರು, ಯಾರು. ನಮ್ಮೂರ ಹೆಸರೇ ಕರೂರು!”

ಸಿರುಗುಪ್ಪದ ಈ ಭತ್ತದ ಸೀಮೆಯಲ್ಲಿ ನೀರು ಬಾರದ ಮಾತೇ ಇಲ್ಲ. ಪದಕ್ಕೆ ಮಾತ್ರ ಹೇಗೆ ತಪ್ಪೀತು? ಅವನ ಚೀಟಿ ಇಸಿದುಕೊಂಡು ನೋಡಿದೆ. ಸಾಲಿನ ಕೊನೆಗೆಲ್ಲ ಬಂದಾರ, ನಿಂತಾರ, ಅತ್ತಾರ, ಹೋದಾರ. ಕಿವಿಗೆ ಹಿತವೇ, ಆದರೆ ಅದು ವ್ಯಾಕರಣ ಪುಕ್ಕಟೆ ಕೊಟ್ಟ ಪ್ರಾಸ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತದೆ, ಅದರ ಬಾಲ ಎಲ್ಲಕ್ಕೂ ಒಂದೇ. ಹೊಲದಲ್ಲಿ, ಮನದಲ್ಲಿ ಎಂದರೂ ಅಷ್ಟೇ. ಸಿನಿಮಾ ಹಾಡಿನಲ್ಲಂತೂ ಪ್ರೀತಿ ಎಂದರೆ ಸಾಕು, ರೀತಿ, ನೀತಿ, ಭೀತಿ ಬಾಗಿಲಲ್ಲೇ ಕಾದಿರುತ್ತವೆ.

ನಮ್ಮ ಹಳಬರು ಪ್ರಾಸವನ್ನು ಸಾಲಿನ ತಲೆಗೇ ಇಟ್ಟರು. ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಮೊದಲಕ್ಷರದ ತೂಕವೂ ಸಮನಾಗಿರಬೇಕು. 10ನೇ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಇಂಥ 6 ಪ್ರಾಸಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾನೆ. ನೀರು, ಊರು ಗಜ. ಕಣ್ಣು, ಮಣ್ಣು ಹಯ. ಕರೂರು ಸಾಲಿನ ಮೊದಲಿಗೆ ಬಂದರೆ ನೀರಿಗೆ ಒಗ್ಗದು, ಅದರ ಮೊದಲಕ್ಷರ ಹ್ರಸ್ವ, ಅದು ಸಿಂಹ. ಕೊನೆಗೆ ಬಂದರೆ ಊರಿನ ಜೊತೆ ಚೆನ್ನಾಗಿ ಕೂಡುತ್ತದೆ. ಗದುಗಿನ ಭಾರತದಲ್ಲಿ ಕುಮಾರವ್ಯಾಸ ಷಟ್ಪದಿಯ ಆರೂ ಸಾಲಿಗೆ ಈ ಎರಡನೆಯ ಅಕ್ಷರವನ್ನು ಕಾಯ್ದುಕೊಂಡು ಹೋಗುತ್ತಾನೆ. ಎಂಥ ಉಸಿರು ಅವನದು!

1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆ ಕಟ್ಟನ್ನು ಬಿಟ್ಟರು ಎಂದೆ.

“ಹಂಗಾದ್ರ ನಾನೂ ಬಿಡ್ಲೇನ್ರಿ?”

“ಬ್ಯಾಡೋ. ಓದೋ ಕವಿತೆ ಬ್ಯಾರೆ, ಕುಣಿಯೋ ಪದ ಬ್ಯಾರೆ.”

ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಕೈಯಲ್ಲಿ ಪುಸ್ತಕವಿರುವುದಿಲ್ಲ. ಒಬ್ಬ ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳಬೇಕು. ಸಾಲಿನ ತುದಿ ಎಲ್ಲಿ, ಮುಂದಿನ ಮಾತು ಯಾವುದು ಎಂಬ ಸುಳಿವು ಕೊಡುವುದೇ ಪ್ರಾಸ. ಆದರೆ ಅದು ಅರ್ಥವನ್ನೂ ಹೊರಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವಲ್ಲ, ಅಲ್ಲಿ ಕೆಸರು, ಮೊಸರು ಎರಡನೆಯ ಅಕ್ಷರದಿಂದ ಕೊನೆಯವರೆಗೂ ಕೂಡುತ್ತವೆ. ದುಡಿಮೆಗೂ ಉಣ್ಣುವುದಕ್ಕೂ ಇರುವ ನಂಟೂ ಅದರಲ್ಲೇ ಇದೆ. ನಾಟಿ ಗದ್ದೆಗೆ ಇಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ಹುಡುಗ ನೀರಿಗೆ ತೇರು ಕಟ್ಟಿದ್ದ. ಮೊಹರಂ ಪದವೆಂದರೆ ಕರ್ಬಲಾದ ಕಥೆ, ಅದರಲ್ಲಿ ತೇರಿಗೇನು ಕೆಲಸ? 680ರಲ್ಲಿ ಯೂಫ್ರೆಟಿಸ್ ನದಿ ಹತ್ತಿರವೇ ಹರಿಯುತ್ತಿದ್ದರೂ ಹುಸೇನರ ಕಡೆಯವರಿಗೆ, ಮಕ್ಕಳಿಗೆ ಕೂಡ, ನೀರು ಸಿಗದಂತೆ ತಡೆದರು. ಆ ದುಃಖದ ಪದದಲ್ಲಿ ನೀರು ಬರಿಯ ತುಂಬುಮಾತಾಗಲಾರದು, ಕಥೆಯೇ ಅದರದು.

“ಯಾರು ಅಂತ ಹಾಕಿ ನೋಡು,” ಎಂದೆ. “ಕೂಸಿನ ಬಾಯಿಗೆ ಹನಿ ನೀರು, ಕೊಡುವವರು ಇಲ್ಲಿ ಯಾರು?”

ಅವನು ಎರಡು ಸಲ ಗುನುಗಿದ. ತೇರಿನ ಸಾಲು ಹೊಡೆದುಹಾಕಿ, “ಮುಂದಿನ ಸಾಲಿಗೆ ಬಂದಾರ, ನಿಂತಾರ ಬ್ಯಾಡ ಬಿಡ್ರಿ ಕಾಕಾ” ಎಂದ.