ಭಾವನ ಮೆತ್ತು

ನಮ್ಮ ಭಾವನ ಮನೆಯ ಮೆತ್ತು ಹತ್ತುವಾಗ ತಲೆ ತಗ್ಗಿಸಬೇಕು. ಇಲ್ಲವಾದರೆ ಚಂಡೆ ಹಣೆಗೆ ಬಡಿಯುತ್ತದೆ. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಿ ಬಂದ ಭಾವ, ಕುಣಿಯಲು ಮೊಣಕಾಲು ಒಪ್ಪದೆಂದು ತರಿಸಿದ ಚಂಡೆ ಅದು. ಹದಿನೆಂಟು ದಿನ ನುಡಿಯಿತು. ಹತ್ತೊಂಬತ್ತನೆಯ ದಿನ ಕೊಟ್ಟಿಗೆಯ ಎಮ್ಮೆ ಹಾಲು ಕೊಡಲಿಲ್ಲ. ಅಭ್ಯಾಸ ನಿಂತದ್ದು ಎಮ್ಮೆಯಿಂದಾಗಿ ಎಂದು ಇವತ್ತಿಗೂ ಹೇಳುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇಂಥ ಭಾವಂದಿರು ಊರಿಗೊಬ್ಬರಾದರೂ ಸಿಗುತ್ತಾರೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ವಾರ ಅವರಿಗೊಂದು ಹುರುಪು ಹತ್ತುತ್ತದೆ. 2003ರ ಸುಮಾರಿಗೆ ವೆನಿಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದಾಗ ಊರಿಗೆ ಊರೇ ಬಳ್ಳಿ ನೆಟ್ಟಿತ್ತು, ಆ ತಪ್ಪನ್ನು ಇವರೊಬ್ಬರ ತಲೆಗೆ ಕಟ್ಟಲಾರೆ. ಆದರೆ ಆ ಹೂವಿಗೆ ಬೆಳಗ್ಗೆಯೇ ಕೈಯಾರೆ ಪರಾಗ ಮುಟ್ಟಿಸಬೇಕು. ಭಾವ ಎದ್ದು ಕವಳ ಹಾಕುವಷ್ಟರಲ್ಲಿ ಹೂ ಬಾಡಿರುತ್ತಿತ್ತು. ದರ ಬಿದ್ದಾಗ ಅವರಷ್ಟು ನಿರಾಳವಾದವರು ಇನ್ನೊಬ್ಬರಿರಲಿಲ್ಲ.

ಕ್ಯಾಮೆರಾದ ಕತೆ ದೊಡ್ಡದು. ಕೊಳ್ಳುವ ಮೊದಲು ಆರು ತಿಂಗಳು ಓದಿದರು. ಲೆನ್ಸಿನ ಬಗ್ಗೆ ಅವರು ಮಾತಾಡುತ್ತಿದ್ದರೆ ಮದುವೆಮನೆಯ ಊಟದ ಪಂಕ್ತಿಯೇ ಎಲೆ ಮರೆತು ಕೇಳುತ್ತಿತ್ತು. ಕೊನೆಗೆ ಎರಡು ಕ್ವಿಂಟಲ್ ರಾಶಿ ಅಡಿಕೆಯಷ್ಟು ಬೆಲೆಯ ಲೆನ್ಸು ಬಂತು. ಸೋಂದಾದ ಮುಂಡಿಗೆಕೆರೆಗೆ ಒಯ್ದರು, ಬೆಳ್ಳಕ್ಕಿ ಹಾರಿಹೋಯಿತು. ಮಳೆಗಾಲದಲ್ಲಿ ಮಾಗೋಡು ಜಲಪಾತಕ್ಕೆ ಹೋಗಿ ಮುನ್ನೂರು ಫೋಟೊ ತೆಗೆದರು, ಮುನ್ನೂರರಲ್ಲೂ ಮಂಜು. ಕ್ಯಾಮೆರಾ ಚೀಲ ಸೇರಿ, ಚೀಲ ಮೆತ್ತು ಸೇರಿತು.

ನವರಾತ್ರಿಗೆ ತೆಗೆದು ನೋಡುವಾಗ ಗಾಜಿನೊಳಗೆ ಜೇಡರಬಲೆಯ ಹಾಗೆ ಬೂಸ್ಟು.

"ಎಂತ ಮಾಡದು, ಲೆನ್ಸಿಗೆ ಕೊಳೆ ಬೈಂದು!"

ಅಡಿಕೆಯ ಕೊಳೆರೋಗಕ್ಕಾದರೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೊ ಹೊಡೆಸಬಹುದಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಮುರುಗಲು ಸಿಪ್ಪೆಯ ಜೊತೆ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ ಎಂದಳು ಅಕ್ಕ. ಭಾವನ ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಆಗಲೇ ಅವರು ದೂರದರ್ಶಕದ ಬಗ್ಗೆ ಓದುತ್ತಿದ್ದರು. ನನಗನ್ನಿಸುವುದು, ಇವರ ಹವ್ಯಾಸ ಒಂದೇ: ಕೊಳ್ಳುವುದು. ಅದರಲ್ಲಿ ಎಂದೂ ಬೇಸರ ಬಂದಿಲ್ಲ.

ಜೇನುಪೆಟ್ಟಿಗೆ ಮಾತ್ರ ಮೆತ್ತಿನಲ್ಲಿಲ್ಲ. ತುಡುವೆ ಕಿವಿಯ ಹಿಂದೆ ಕುಟುಕಿದ ದಿನವೇ ಹಿತ್ತಲಿಗೆ ಹೋಗಿತ್ತು. ಮೊನ್ನೆ ಅಕ್ಕ ನನ್ನನ್ನು ಸದ್ದಿಲ್ಲದೆ ಅಲ್ಲಿಗೆ ಕರೆದೊಯ್ದಳು. ಐದು ವರ್ಷ ಖಾಲಿ ಬಿದ್ದಿದ್ದ ಪೆಟ್ಟಿಗೆಗೆ ಹುಳು ತಾವಾಗಿಯೇ ಬಂದು ಕೂತಿದ್ದವು.

"ಭಾವನ ಹತ್ರ ಹೇಳಡ ತಮಾ. ಗೊತ್ತಾದ್ರೆ ಇನ್ನೂ ಹತ್ತು ಪೆಟ್ಟಿಗೆ ಬತ್ತು."

ನಾನು ಹೇಳಿಲ್ಲ. ಶಿರಸಿ ಪೇಟೆಯಲ್ಲಿ ಅವರು ಸಿಕ್ಕರೆ ನೀವೂ ಹೇಳಬೇಡಿ.