ಇಟ್ಟರೋ, ಇಲ್ಲವೋ

ಟ್ರಂಕ್ ಲೈನ್ ಎಂದರೆ ಕಚೇರಿಯ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಊರಿನ ಎಕ್ಸ್‌ಚೇಂಜಿಗೆ ಜೋಡಿಸುವ ತಂತಿ. ಒಳಗೆ ನೂರು ಎಕ್ಸ್‌ಟೆನ್ಷನ್ ಇದ್ದರೂ ಹೊರಗಿನ ಲೈನು ಎಂಟೋ ಹತ್ತೋ. ಸೊನ್ನೆ ಒತ್ತಿದವರಲ್ಲಿ ಯಾರಿಗೆ ಲೈನ್ ಸಿಗುತ್ತದೆಂಬುದು ಪೆಟ್ಟಿಗೆಯ ಮರ್ಜಿ. ಮಾತು ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ ಈ ತಂತಿಯ ಎರಡು ತುದಿಯ ಯಂತ್ರಗಳು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಸನ್ನೆಗೆ ಸಿಗ್ನಲಿಂಗ್ ಎಂದು ಹೆಸರು.

ಬಹುಪಾಲು ತಾಮ್ರದ ಲೈನುಗಳದ್ದು ಲೂಪ್ ಸ್ಟಾರ್ಟ್ ಪದ್ಧತಿ. ಎಕ್ಸ್‌ಚೇಂಜು 48 ವೋಲ್ಟ್ ಡಿಸಿ ಇಟ್ಟುಕೊಂಡು ಕಾದಿರುತ್ತದೆ. ಪೆಟ್ಟಿಗೆ ಎರಡೂ ತಂತಿಗಳನ್ನು ಒಳಗೆ ಕೂಡಿಸಿದರೆ ಕರೆಂಟ್ ಹರಿದು ಡಯಲ್ ಟೋನ್ ಬರುತ್ತದೆ. ಹೊರಗಿನ ಕರೆ ಬಂದಾಗ ಎಕ್ಸ್‌ಚೇಂಜು ಸುಮಾರು 75 ವೋಲ್ಟ್ ಎಸಿ ಕಳಿಸಿ ಗಂಟೆ ಬಾರಿಸುತ್ತದೆ. ತಂತಿಯನ್ನು ಬರಿಗೈಲಿ ಹಿಡಿದಿರುವಾಗಲೇ ಕರೆ ಬಂದರೆ ಈ ಅಂಶ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ. ಎರಡು ಗಂಟೆಗಳ ನಡುವಿನ ಮೌನದಲ್ಲಿ ಲೈನ್ ಖಾಲಿ ಇದೆಯೆಂದು ಪೆಟ್ಟಿಗೆ ಅದನ್ನು ಹಿಡಿದುಬಿಡುವುದೂ ಉಂಟು. ಆಗ ನಂಬರ್ ಒತ್ತಲು ಹೊರಟ ಗುಮಾಸ್ತರಿಗೆ ಒತ್ತುವ ಮೊದಲೇ ಯಾರೋ ಅಪರಿಚಿತರು ‘ಹಲೋ’ ಅನ್ನುತ್ತಾರೆ. ಇದಕ್ಕೆ ಗ್ರೌಂಡ್ ಸ್ಟಾರ್ಟ್ ಎಂಬ ಮದ್ದಿದೆ, ಆದರೆ ಎಕ್ಸ್‌ಚೇಂಜೂ ಒಪ್ಪಬೇಕು.

ಲೂಪ್ ಸ್ಟಾರ್ಟಿನ ನಿಜವಾದ ದೋಷ ಕರೆಯ ಕೊನೆಯಲ್ಲಿದೆ. ಆ ಕಡೆಯವರು ಫೋನ್ ಇಟ್ಟರೆಂದು ಅದು ತಾನಾಗಿ ತಿಳಿಸುವುದಿಲ್ಲ. ಮನುಷ್ಯರಿಗೆ ಈ ಕಷ್ಟವಿಲ್ಲ: ‘ಇಡ್ಲಾ?’ ‘ಹ್ಞೂಂ, ಇಡು.’ ‘ಇಟ್ಟೆ ಹಂಗಾರೆ.’ ‘ಅಂದಂಗೆ, ಇನ್ನೊಂದು ವಿಷ್ಯ...’ ಎಂದು ಇನ್ನೊಂದು ಕಾಲು ಗಂಟೆ ಎಳೆದಾದರೂ ಕೊನೆಗೆ ಇಡುತ್ತಾರೆ. ಪೆಟ್ಟಿಗೆಗೆ ಆ ಭಾಗ್ಯವಿಲ್ಲ. ಸಂಜೆ ಏಳಕ್ಕೆ ಬಂದ ಕರೆಯನ್ನು ಅದು ಎರಡನೇ ಲೈನಿನ ಮೂಲಕ ಸಾಹೇಬರ ಮೊಬೈಲಿಗೆ ತಿರುಗಿಸಿತೆನ್ನಿ. ಇಬ್ಬರೂ ಮಾತಾಡಿದರು, ಇಬ್ಬರೂ ಇಟ್ಟರು, ಇಬ್ಬರೂ ಊಟಕ್ಕೆ ಕೂತರು. ಎಕ್ಸ್‌ಚೇಂಜು ಮೊದಲನೇ ಲೈನಿಗೆ ಎಂಗೇಜ್ ಟೋನ್ ಬಿಟ್ಟಿತು, ಎರಡನೆಯದಕ್ಕೂ ಬಿಟ್ಟಿತು. ಪೆಟ್ಟಿಗೆ ಮಾತ್ರ ಇವೆರಡನ್ನೂ ಜೋಡಿಸಿಕೊಂಡೇ ಕೂತಿದೆ. 400 ಹರ್ಟ್ಸ್‌ನ ಟೋನು, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ: ಇದರ ಗೋಳನ್ನು ಅದಕ್ಕೆ, ಅದರ ಗೋಳನ್ನು ಇದಕ್ಕೆ ಒಂದಿಷ್ಟೂ ಬೇಸರವಿಲ್ಲದೆ ದಾಟಿಸುತ್ತಿದೆ. ವಾಚ್‌ಮನ್ ಎರಡು ದೀಪ ಉರಿಯುವುದನ್ನು ನೋಡಿ, ಒಳಗೆ ಯಾರೋ ಕೆಲಸದಲ್ಲಿದ್ದಾರೆಂದು ಗೌರವದಿಂದ ಸುಮ್ಮನಾಗುತ್ತಾನೆ. ಬೆಳಿಗ್ಗೆ ಪೆಟ್ಟಿಗೆ ಹಾಕಿದವರು ‘ಲೈನ್ ಪ್ರಾಬ್ಲಮ್ ಸಾರ್’ ಅನ್ನುತ್ತಾರೆ, ಲೈನ್‌ಮನ್ ‘ಬಾಕ್ಸ್ ಪ್ರಾಬ್ಲಮ್ ಸಾರ್’ ಅನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸರಿ, ಅದಕ್ಕೇ ಜಗಳ ಹರಿಯುವುದಿಲ್ಲ. ಕೊನೆಗೆ ಯಾರೋ ಸ್ವಿಚ್ ಆರಿಸಿ ಹಾಕುತ್ತಾರೆ. ಎಲ್ಲ ಸರಿಹೋಗುತ್ತದೆ, ಸಂಜೆ ಏಳರವರೆಗೆ.

ಪರಿಹಾರಗಳು ಇಲ್ಲದಿಲ್ಲ. ಎಂಗೇಜ್ ಟೋನನ್ನು ಗುರುತಿಸಿ ಲೈನ್ ಬಿಡುವಂತೆ ಪೆಟ್ಟಿಗೆಗೆ ಹೇಳಬಹುದು. ಆದರೆ ವಿದೇಶದಿಂದ ಬಂದ ಪೆಟ್ಟಿಗೆಗೆ ಅಲ್ಲಿನ ಟೋನ್ ಗೊತ್ತು, ಇಲ್ಲಿನದು ಗೊತ್ತಿಲ್ಲ. ಮುಕ್ಕಾಲು ಸೆಕೆಂಡಿನ ಲೆಕ್ಕವನ್ನು ಕೈಯಾರೆ ತುಂಬಬೇಕು. ತೀರಾ ಸಡಿಲವಾಗಿ ತುಂಬಿದರೆ, ಸಮ ಅಂತರದಲ್ಲಿ ‘ಹ್ಞೂಂ... ಹ್ಞೂಂ...’ ಅನ್ನುವ ವಿಧೇಯ ಗಂಡನನ್ನೂ ಎಂಗೇಜ್ ಟೋನೆಂದು ಬಗೆದು ಪೆಟ್ಟಿಗೆ ಕರೆ ಕತ್ತರಿಸೀತು.

ಇದಕ್ಕಿಂತ ನಂಬಿಕಸ್ಥ ಉಪಾಯ ಪೊಲಾರಿಟಿ ರಿವರ್ಸಲ್. ಆ ಕಡೆಯವರು ಫೋನ್ ಎತ್ತಿದೊಡನೆ ಎಕ್ಸ್‌ಚೇಂಜು ಎರಡು ತಂತಿಗಳ ಪ್ಲಸ್ ಮೈನಸ್ ಅದಲುಬದಲು ಮಾಡುತ್ತದೆ, ಇಟ್ಟೊಡನೆ ಮೊದಲಿನಂತಾಗಿಸುತ್ತದೆ. ಎಸ್‌ಟಿಡಿ ಬೂತಿನ ಮೀಟರು ಓಡಲು ಶುರುಮಾಡಿದ್ದು ಇಂಥ ಸನ್ನೆಗಳನ್ನು ನಂಬಿ. ಸನ್ನೆ ಇಲ್ಲದ ಕಡೆ ಪೆಟ್ಟಿಗೆ ಬರೀ ಗಡಿಯಾರ ನೋಡಿ ಲೆಕ್ಕ ಹಾಕುತ್ತದೆ. ಹೋಟೆಲ್ ರೂಮಿನಿಂದ ಮನೆಗೆ ಹಚ್ಚಿ, ಯಾರೂ ಎತ್ತದಿದ್ದರೂ ಬಿಲ್ ಬರುವುದು ಹೀಗೆ. ಬೂತುಗಳಲ್ಲಿ ಇಂಥ ಬಿಲ್ಲು ನಗುವ ವಿಷಯವಾಗಿರಲಿಲ್ಲ. ಬೂತುಗಳನ್ನು ಹಂಚುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಮೀಟರು ಸುಮ್ಮನೆ ಓಡಿದಾಗ ಗಿರಾಕಿಯ ಬೈಗುಳ ಕೇಳುವವರು ಅವರು, ಕೊನೆಗೆ ಕೈಯಿಂದ ಕಟ್ಟುವವರೂ ಅವರೇ. ತಪ್ಪು ತಂತಿಯಾಚೆ ಎಲ್ಲೋ ಇರುತ್ತಿತ್ತು. ರಿವರ್ಸಲ್ ಬೇಕಾದವರು ಲೈನ್ ಕೊಟ್ಟವರಿಗೆ ಅರ್ಜಿ ಬರೆದು ಕೇಳಬೇಕು, ಬಂದ ಮೇಲೆ ಪೆಟ್ಟಿಗೆಯಲ್ಲೂ ಅದನ್ನು ಆನ್ ಮಾಡಬೇಕು. ಎರಡನೆಯದು ಮರೆತುಹೋಗುವುದೇ ಹೆಚ್ಚು.

ಪಿಆರ್‌ಐ ಎಂಬ ಡಿಜಿಟಲ್ ಲೈನಿನಲ್ಲಿ ಈ ತಾಪತ್ರಯ ಕಡಿಮೆ. ಮೂವತ್ತು ಚಾನೆಲ್ ಮಾತಿಗೆ, ಒಂದು ಸನ್ನೆಗೇ ಮೀಸಲು. ಕರೆ ಮುಗಿದರೆ ಕಾರಣದ ಸಂಖ್ಯೆ ಸಮೇತ ವರದಿ ಬರುತ್ತದೆ: 16 ಬಂದರೆ ಸಹಜವಾಗಿ ಮುಗಿದದ್ದು, 17 ಆದರೆ ಎಂಗೇಜ್. ಇಂಟರ್‌ನೆಟ್ಟಿನ ಮೇಲೆ ನಡೆಯುವ ಸಿಪ್ ಟ್ರಂಕಿನಲ್ಲಂತೂ ಫೋನ್ ಇಡುವ ಸಂದೇಶದ ಹೆಸರೇ ‘ಬೈ’. ಅದಕ್ಕೆ ಆ ಕಡೆಯ ಯಂತ್ರ ‘ಓಕೆ’ ಎಂದು ಉತ್ತರಿಸಬೇಕೆಂಬುದು ನಿಯಮ. ಕರೆಂಟ್ ಹೋಗಿ ‘ಬೈ’ ಹೇಳಲಾಗದೆ ಉಳಿದ ಕರೆಗಳನ್ನು ಮುಗಿಸಲು ಸೆಷನ್ ಟೈಮರ್ ಇದೆ. ಅದಕ್ಕೆ ಸಾಮಾನ್ಯವಾಗಿ ಹಾಕುವ ಅವಧಿ 1800 ಸೆಕೆಂಡ್. ಅದೂ ಆಫ್ ಆಗಿರಬಹುದು, ಸೆಟ್ಟಿಂಗ್ಸಿನಲ್ಲಿ ನೋಡಿಕೊಳ್ಳಬೇಕು.